ಅತ್ತೆಯ ಬಿಸಿಲಿಗೂ ಸಾಯದ ಹುಳ

ಮೆಣಸಿನಕಾಯಿ ವ್ಯಾಪಾರಿಯ ಮನೆಗೆ ಹುಳ ತಂದ ಸೊಸೆ ನಾನು. ಬ್ಯಾಡಗಿಯಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹುಳ ಇಲ್ಲಿ ಊರಿಗೇ ವೈರಿ. ಗೋದಾಮಿನ ಮೂಲೆಯ ಒಂದು ಚೀಲಕ್ಕೆ ಬಿದ್ದರೂ ಸಾಕು, ಮನೆಯ ಗಂಡಸರಿಗೆ ಊಟ ರುಚಿಸುವುದಿಲ್ಲ. ಅಂಥ ಊರಿನ ಅಂಥ ಮನೆಯ ಮಾಳಿಗೆಯ ಮೇಲೆ, ಅಲಸಂದಿ ಕೊರೆಯುವ ಸಣ್ಣ ಜೀರುಂಡೆಗಳನ್ನು ಇಟ್ಟುಕೊಂಡು ನಾನು ಡಾಕ್ಟರೇಟ್ ಗಿಟ್ಟಿಸಿದೆ. ಹೇಳುವಾಗ ಸ್ವಲ್ಪ ಜಂಬ ಕೇಳಿಸುತ್ತದೆಯೇ? ಕೇಳಿಸಲಿ. ಅದಕ್ಕೆ ಪಟ್ಟ ಪಾಡು ನನಗೆ ಗೊತ್ತು.

ನನ್ನ ತವರು ರಾಣೇಬೆನ್ನೂರು. ಅಲ್ಲಿಯದೇ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೂ ಕೆಲಸ ಬಿಡಲಿಲ್ಲ, ಮುಂಜಾನೆ ರೈಲು ಹತ್ತಿ ಹೋಗಿ ಸಂಜೆ ಬರುತ್ತೇನೆ. ಆ ಮದುವೆಯ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ, ಯಾಕೆಂದರೆ ನನ್ನ ಅತ್ತೆ ನನಗೆ ಇಟ್ಟ ಹೆಸರು ಅಲ್ಲಿಂದಲೇ ಹುಟ್ಟಿದ್ದು.

ಕನ್ಯಾ ನೋಡಲು ಬಂದವರಿಗೆ ಉಪ್ಪಿಟ್ಟಿನ ತಾಟು ಹಿಡಿದು ನಿಲ್ಲುವುದು ನನಗೆ ಮೊದಲ ಸಲವೇ ಸಾಕಾಗಿತ್ತು. ಮೂರನೆಯ ಸಲ ಬಂದವರಲ್ಲಿ ಒಬ್ಬಾಕೆ ನನ್ನ ಜಡೆ ಹಿಡಿದು ನಿಜವಾದ ಕೂದಲೋ ಅಲ್ಲವೋ ಎಂದು ಎಳೆದು ನೋಡಿದಳು. ನನಗೆ ತಲೆ ಕೆಟ್ಟಿತು. ತಾಟನ್ನು ಅಲ್ಲೇ ಇಟ್ಟು ಒಳಗೆ ಹೋದೆ. ಮುಂದಿನ ಸಂಬಂಧ ಬಂದಾಗ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ:

"ಈ ಸಲ ನಾನ ಹೋಗಿ ಹುಡುಗನ್ನ ನೋಡಿ ಬರ್ತೇನಿ. ಬ್ಯಾಡ ಅಂದ್ರ ಮದುವೀನ ಬ್ಯಾಡ."

ಅಪ್ಪ ಬೈದರು, ಎರಡು ದಿನ ಮಾತು ಬಿಟ್ಟರು, ಕೊನೆಗೆ ಮೆಣಸಿನಕಾಯಿ ಹರಾಜಾಗುವ ಒಂದು ಟೆಂಡರ್ ದಿನ ಬ್ಯಾಡಗಿಯ ಮಾರುಕಟ್ಟೆಗೆ ಕರೆದುಕೊಂಡು ಬಂದರು. ಎಲ್ಲಿ ನೋಡಿದರೂ ಕೆಂಪು ರಾಶಿ. ಆ ರಾಶಿಗಳ ನಡುವೆ ಹುಡುಗ ಕುಕ್ಕುರುಗಾಲಿನಲ್ಲಿ ಕೂತು ಒಂದು ಮೆಣಸಿನಕಾಯಿ ಮುರಿದು, ಮೂಗಿಗೆ ಹಿಡಿದು, ಇಡೀ ಸಾಲಿನವರು ತಿರುಗಿ ನೋಡುವಂತೆ ಸೀನಿದ. ಮೆಣಸಿನಕಾಯಿ ವ್ಯಾಪಾರಿಗೆ ಮೆಣಸಿನಕಾಯಿಯ ಘಾಟು ತಡೆಯದು! ಹಮಾಲರು ನಕ್ಕರು. ಅವರಿಗಿಂತ ಜೋರಾಗಿ ಅವನೇ ನಕ್ಕ. ನಾನು ಅಪ್ಪನ ಕಿವಿಯಲ್ಲಿ ಹೂಂ ಎಂದೆ.

ಅತ್ತೆಗೆ ಇದು ನುಂಗಲಾರದ ತುತ್ತಾಯಿತು. ನೋಡಲು ಹೋಗಬೇಕಾದವರು ತಾವು, ಬೇಡ ಎನ್ನುವ ಹಕ್ಕು ತಮ್ಮದು, ಈ ಹುಡುಗಿ ತಮ್ಮ ಮಗನನ್ನು ರಾಶಿಯ ಹಾಗೆ ನೋಡಿ ಹೋದಳಲ್ಲ! ತನ್ನನ್ನು ನೋಡಲು ಬಂದ ಹುಡುಗಿಯೇ ಬೇಕೆಂದು ಮಗ ಹಟ ಹಿಡಿದದ್ದರಿಂದ ಮದುವೆಯೇನೋ ಆಯಿತು. ಆದರೆ ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೆ, ರೈಲು ತಡವಾಗಿ ಮನೆಗೆ ಬಂದರೆ, ಎದುರು ಮಾತಾಡಿದರೆ, ಎಲ್ಲಕ್ಕೂ ಒಂದೇ ಮಾತು ಬೀಳುತ್ತಿತ್ತು.

"ಆರಿಸ್ಕೊಂಡು ಬಂದಾಕಿ ಅಲ್ಲೇನವಾ ನೀನು, ನಿನಗ್ಯಾರು ಹೇಳೋರು!"

ವರ್ಷಗಟ್ಟಲೆ ಈ ಮಾತು ಕೇಳಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಬೇಸರ, ಆಮೇಲೆ ಗೋಡೆಗಡಿಯಾರದ ಸದ್ದಿನಂತೆ ಕಿವಿಗೆ ಬೀಳದೆ ಹೋಯಿತು.

ನಲವತ್ತು ದಾಟಿದ ಮೇಲೆ ನಾನು ಸಂಶೋಧನೆಗೆ ಹೆಸರು ನೋಂದಾಯಿಸಿದೆ. ವಿಷಯ ಕೇಳಿ ಮನೆಯಲ್ಲಿ ನಗಾಡಿದರು, ಯಾಕೆಂದರೆ ನಾನು ಆರಿಸಿಕೊಂಡದ್ದು ಹೆಣ್ಣು ಜೀರುಂಡೆಯ ಆಯ್ಕೆಯನ್ನು. ಅಡುಗೆಮನೆಯ ಡಬ್ಬಿಯಲ್ಲಿ ಕಾಳಿಗೆ ತೂತು ಮಾಡುವ ಹುಳವನ್ನು ಎಲ್ಲರೂ ನೋಡಿರುತ್ತಾರೆ, ಅದರ ಸಂಸಾರವನ್ನು ನೋಡುವವರಿಲ್ಲ. ಹೆಣ್ಣು ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ. ಮರಿ ಒಳಗೆ ಕೊರೆದು ಹೋಗಿ ಕಾಳನ್ನೇ ತಿಂದು ಬೆಳೆದು, ಸುಮಾರು ಒಂದು ತಿಂಗಳಿಗೆ ದುಂಡನೆಯ ಬಾಗಿಲು ಕೊರೆದು ಹೊರಗೆ ಬರುತ್ತದೆ. ಹೊರಗೆ ಬಂದ ಗಳಿಗೆಯಿಂದ ಗಂಡುಗಳು ಹೆಣ್ಣಿನ ಬೆನ್ನು ಹತ್ತುತ್ತವೆ. ಹೆಣ್ಣೇನು ಸುಮ್ಮನಿರುತ್ತದೆಯೇ? ಹಿಂಗಾಲಿನಿಂದ ಝಾಡಿಸಿ ಒದೆಯುತ್ತದೆ. ಒಂದನ್ನು ಒದ್ದು, ಇನ್ನೊಂದನ್ನು ಒದ್ದು, ಮತ್ತೊಂದನ್ನು ಒಪ್ಪುತ್ತದೆ. ಭೂತಕನ್ನಡಿಯಲ್ಲಿ ಮೊದಲ ಸಲ ಆ ಒದೆತ ನೋಡಿದಾಗ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ನನ್ನ ಪ್ರಶ್ನೆ ಇಷ್ಟೇ ಇತ್ತು. ಇಷ್ಟೆಲ್ಲ ಜಗಳವಾಡಿ ಆರಿಸಿದ್ದರಿಂದ ಮಕ್ಕಳಿಗೆ ಏನಾದರೂ ಲಾಭ ಉಂಟೇ? ಈ ಗಂಡು ಹುಳ ತನ್ನ ಮರಿಗಳಿಗೆ ಅನ್ನ ತಂದು ಹಾಕುವುದಿಲ್ಲ, ಕಾಯುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಅದು ಕೊಡುವುದು ತನ್ನ ಮೈಯೊಳಗಿನ ಗುಣವನ್ನು ಮಾತ್ರ. ಹಾಗಿದ್ದಾಗ ಒದೆತ ತಿಂದೂ ಗೆದ್ದ ಗಂಡಿನ ಮಕ್ಕಳು ಹೆಚ್ಚು ಬದುಕುತ್ತವೆಯೇ, ಆ ಬದುಕುವ ಶಕ್ತಿ ಅಪ್ಪನಿಂದ ಮಕ್ಕಳಿಗೆ ಇಳಿದು ಬರುತ್ತದೆಯೇ?

ಇದಕ್ಕಾಗಿ ಎರಡು ಮನೆತನ ಕಟ್ಟಿದೆ. ಒಂದರಲ್ಲಿ ಪ್ರತಿ ಹೆಣ್ಣಿಗೂ ಹಲವು ಗಂಡುಗಳ ಜೊತೆ ಬಿಟ್ಟು ಆರಿಸಲು ಅವಕಾಶ. ಇನ್ನೊಂದರಲ್ಲಿ ಆಯ್ಕೆಯೇ ಇಲ್ಲ, ಕಣ್ಣು ಮುಚ್ಚಿ ಕೈಗೆ ಸಿಕ್ಕ ಒಂದು ಗಂಡನ್ನು ಹೆಣ್ಣಿನ ಜೊತೆ ಹಾಕುವುದು. ಹೀಗೆ ತಾಯಿ, ಮಗಳು, ಮೊಮ್ಮಗಳು, ಮರಿಮಗಳು ಎಂದು ಎರಡು ವರ್ಷಕ್ಕೂ ಮಿಕ್ಕಿ ನಡೆಸಿದೆ. ಕಾಳಿನಿಂದ ಹೊರಬರುವ ಕನ್ಯೆಯರು ಗಂಡುಗಳಿಗೆ ಸಿಗದಂತೆ ಒಂದೊಂದು ಕಾಳನ್ನೂ ಪಾನಂಗಡಿಯ ಸುಣ್ಣದ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದೆ. ಖಾಲಿ ಡಬ್ಬಿ ಆರಿಸುತ್ತ ರಾಣೇಬೆನ್ನೂರಿನ ಪಾನಂಗಡಿಗಳ ಮುಂದೆ ನಿಲ್ಲುವ ಮೇಡಂ ಎಂದು ವಿದ್ಯಾರ್ಥಿಗಳು ಬೆನ್ನ ಹಿಂದೆ ನಗುತ್ತಿದ್ದರು. ನನ್ನ ಗಂಡನಂತೂ ಎದುರಿಗೇ ನಗುತ್ತಿದ್ದ.

"ಇವತ್ತ ಯಾರ ಮದುವಿ ಮುರೀತ್ರಿ, ಬಾಯಾರ?"

ಆದರೆ ಫಲಿತಾಂಶ ನೋಡಿದರೆ ಸೊನ್ನೆ. ಆರಿಸಿದವರ ಮಕ್ಕಳೂ ಚೆನ್ನಾಗಿದ್ದವು, ಕೈಗೆ ಸಿಕ್ಕವರ ಮಕ್ಕಳೂ ಚೆನ್ನಾಗಿದ್ದವು. ಎರಡೂ ಕಡೆ ಕಾಳು ತುಂಬ, ಮರಿ ತುಂಬ. ಮಾರ್ಗದರ್ಶಕರು ಒಳ್ಳೆಯವರೇ, ಆದರೆ ನೇರ ಮಾತಿನವರು. ವಿಶ್ವವಿದ್ಯಾಲಯ ಒಮ್ಮೆ ಅವಧಿ ವಿಸ್ತರಿಸಿತ್ತು, ಇನ್ನೊಮ್ಮೆ ವಿಸ್ತರಿಸುವುದಿಲ್ಲ. ಬರುವ ವರ್ಷದೊಳಗೆ ಏನಾದರೂ ತೋರಿಸದಿದ್ದರೆ ಈ ಸಂಶೋಧನೆ ಮುಗಿದ ಹಾಗೆ ಎಂದರು. ಕಾಲೇಜಿನಲ್ಲಿ ನನ್ನ ಬೆನ್ನ ಹಿಂದೆ ನಕ್ಕವರೆಲ್ಲ ಮುಂದೆ ಬಂದು ನಗುವ ಚಿತ್ರ ಕಣ್ಣಿಗೆ ಕಟ್ಟಿತು. ನನಗೆ ಪದವಿ ಬೇಕಿತ್ತು, ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು.

ಅದೇ ಬೇಸಿಗೆಯಲ್ಲಿ ಕಾಲೇಜಿನ ಪ್ರಯೋಗಾಲಯದ ಚಾವಣಿ ರಿಪೇರಿ ಶುರುವಾಯಿತು. ಹುಳ ಸಾಕುವ ಬಾಟಲಿಗಳನ್ನು ಅಲ್ಲಿ ಬಿಡುವಂತಿರಲಿಲ್ಲ. ಆ ಹೊತ್ತಿಗೆ ದೊಡ್ಡ ಹುಳಗಳೆಲ್ಲ ಮೊಟ್ಟೆ ಇಟ್ಟು ಮುಗಿಸಿದ್ದವು, ಬಾಟಲಿಗಳಲ್ಲಿ ಇದ್ದದ್ದು ಬಿಳಿ ಚುಕ್ಕೆಯ ಕಾಳು ಮಾತ್ರ. ಎರಡು ದೊಡ್ಡ ಚೀಲಗಳಲ್ಲಿ ತುಂಬಿಕೊಂಡು ರೈಲಿನಲ್ಲಿ ಬ್ಯಾಡಗಿಗೆ ತಂದೆ. ಪಕ್ಕದಲ್ಲಿ ಕೂತ ಮುದುಕಿ ಬೀಜದ ಕಾಳೇನವ್ವಾ ಎಂದು ಕೇಳಿದಳು, ಹೌದಜ್ಜಿ ಎಂದೆ. ಮನೆಯಲ್ಲಿ ಅತ್ತೆ ಕೇಳಿದಾಗಲೂ ಕಾಲೇಜಿನ ಕಾಳು ಎಂದಷ್ಟೇ ಹೇಳಿ ಮಾಳಿಗೆಯ ಕೋಣೆಯಲ್ಲಿಟ್ಟೆ. ಒಳಗೆ ಹುಳ ಇದೆ ಎಂದಿದ್ದರೆ ಬಾಟಲಿಗಳ ಜೊತೆ ನಾನೂ ಬೀದಿಯಲ್ಲಿ ಇರುತ್ತಿದ್ದೆ.

ಮೌಲ್ಯಮಾಪನಕ್ಕೆಂದು ಹಾವೇರಿಗೆ ಹೋಗಬೇಕಾಯಿತು. ಆ ದಿನ ಉತ್ತರ ಪತ್ರಿಕೆಗಳು ಬೇಗ ಮುಗಿದವು, ಮಧ್ಯಾಹ್ನದ ಬಸ್ಸಿಗೇ ವಾಪಸಾದೆ. ಮನೆಯೊಳಗೆ ಯಾರೂ ಇಲ್ಲ. ಮಾಳಿಗೆಯ ಮೇಲಿಂದ ಅತ್ತೆಯ ಬಳೆ ಸದ್ದು ಕೇಳಿಸಿತು. ಮೆಟ್ಟಿಲು ಹತ್ತಿ ನೋಡಿದರೆ, ಅಯ್ಯೋ ದೇವರೇ, ನನ್ನ ಅಷ್ಟೂ ಬಾಟಲಿಗಳ ಕಾಳು ಸುಡು ಬಿಸಿಲಿನಲ್ಲಿ!

ವರ್ಷದ ಕಾಳು ಒಣಗಿಸುವ ದಿನ ಅದು. ಅತ್ತೆ ಮನೆಯ ಹೆಸರುಕಾಳು, ತೊಗರಿ, ಕಡಲೆ ಎಲ್ಲ ಹರವಿದ ಮೇಲೆ ನನ್ನ ಕೋಣೆಗೆ ಹೋಗಿದ್ದಾರೆ, ಬಾಟಲಿ ಎತ್ತಿ ನೋಡಿದ್ದಾರೆ, ಚುಕ್ಕೆ ಕಂಡಿವೆ. ಪಾಪ, ಸೊಸೆಯ ಕಾಳು ಕೆಡುತ್ತಿದೆ ಎಂದು ಕನಿಕರಪಟ್ಟಿದ್ದಾರೆ. ಈಗ ಕೈಯಲ್ಲಿ ಔಡಲೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು.

"ಬಾ, ಬಾ. ನಿನ್ನ ಕಾಲೇಜಿನ ಕಾಳಿಗೆ ಹುಳ ಬೀಳಾಕತ್ತಿತ್ತು ನೋಡು. ಮುಂಜಾನಿಂದ ಬಿಸಿಲಿಗೆ ಹಾಕೇನಿ. ಇನ್ನ ಎಣ್ಣಿ ಹಚ್ಚಿ ಇಟ್ಟರ ಮುಗೀತು, ಒಂದ್ ಹುಳ ಉಳಿಯಂಗಿಲ್ಲ."

ಬಟ್ಟಲನ್ನು ಕೈಯಿಂದ ಕಿತ್ತುಕೊಂಡೆ. ಎಣ್ಣೆ ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು. ಕೂಗಿದ ಕೂಗಿಗೆ ಪಕ್ಕದ ಮಾಳಿಗೆಯವರು ಇಣುಕಿದರು.

"ಯಾರು ಹೇಳಿದ್ರು ನಿಮಗ ಮುಟ್ಟಾಕ? ಎಲ್ಲಾ ಕಲಸಿಬಿಟ್ಟೀರೇನು?"

ಮುಟ್ಟಿದ್ದಕ್ಕೆ ಬೈದದ್ದು ಅತ್ತೆಗೆ ಅಷ್ಟು ತಾಗಲಿಲ್ಲ. ಕಲಸಿದಿರಾ ಎಂದದ್ದು ತಾಗಿತು. ಮುಖ ಕೆಂಪಾಯಿತು.

"ರಾಶಿ ಕಲಸಾಕ ನಾ ಏನ ಹುಚ್ಚೀನ? ಮೆಣಸಿನಕಾಯಿ ಮನಿಯಾಕಿ ನಾನು. ಕಣ್ಣು ಬಿಟ್ಟು ನೋಡು!"

ಆಗ ನೋಡಿದೆ. ನಮ್ಮ ಮಾರುಕಟ್ಟೆಯಲ್ಲಿ ಒಬ್ಬ ರೈತನ ರಾಶಿ ಇನ್ನೊಬ್ಬನ ರಾಶಿಗೆ ಸೋಕುವಂತಿಲ್ಲ. ಪ್ರತಿ ರಾಶಿಗೂ ಅದರದೇ ಚೀಟಿ, ನಡುವೆ ನಡೆಯಲು ಜಾಗ. ಎರಡು ರಾಶಿ ಕೂಡಿದರೆ ಹೊಡೆದಾಟವೇ ಆಗುತ್ತದೆ. ಆ ರೂಢಿ ಈ ಮನೆಗಳ ರಕ್ತದಲ್ಲಿದೆ, ಹಳೆಯ ಅಕ್ಕಿ ಹೊಸ ಅಕ್ಕಿಯನ್ನೂ ಬೇರೆ ಬೇರೆ ಅರಿವೆಯ ಮೇಲೆ ಒಣಗಿಸುತ್ತಾರೆ. ಅತ್ತೆ ಹಳೆಯ ಧೋತರವನ್ನು ತುಂಡು ತುಂಡು ಹರಿದು, ಒಂದೊಂದು ತುಂಡಿನ ಮೇಲೆ ಒಂದೊಂದೇ ಬಾಟಲಿಯ ಕಾಳನ್ನು ಪುಟ್ಟ ರಾಶಿ ಮಾಡಿದ್ದರು. ಪ್ರತಿ ರಾಶಿಯ ತಲೆಯ ಹತ್ತಿರ ಅದರದೇ ಖಾಲಿ ಬಾಟಲಿ, ಚೀಟಿ ಇತ್ತ ಮುಖ ಮಾಡಿ ನಿಂತಿತ್ತು. ಥೇಟ್ ಮಾರುಕಟ್ಟೆಯ ಸಾಲು. ಕಾಳು ಕಲೆತಿರಲಿಲ್ಲ, ನಿಜ. ಆದರೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಎಲ್ಲವನ್ನೂ ಬಾಟಲಿಗೆ ತುಂಬಿ ಒಳಗಿಟ್ಟೆ. ಆಮೇಲೆ ಅದೇ ಕೋಣೆಯಲ್ಲಿ ಕೂತು ಅತ್ತುಬಿಟ್ಟೆ. ಗಂಡ ಬಂದು ಬಾಗಿಲ ಹತ್ತಿರ ನಿಂತ, ಚೇಷ್ಟೆ ಮಾಡುವ ಧೈರ್ಯ ಅವನಿಗೂ ಬರಲಿಲ್ಲ. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ ಅವರು, ಮೊದಲಿನಿಂದ ಶುರುಮಾಡಲು ಈಗ ಸಮಯವಿಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಬಾಟಲಿಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಸತ್ತರೂ ನನ್ನ ಹುಳಗಳೇ ಎಂಬ ಹಟದಲ್ಲಿ ಹಾಗೇ ಇಟ್ಟುಕೊಂಡೆ. ಅತ್ತೆಯ ಜೊತೆ ಮಾತು ಬಿಟ್ಟೆ. ಒಳಗೆ ನಾನು ಬೇಕೆಂದೇ ಹುಳ ಸಾಕಿದ್ದೆ ಎಂದು ಗಂಡನ ಬಾಯಿಂದ ತಿಳಿದ ಮೇಲೆ ಅವರೂ ಬಿಟ್ಟರು.

ಮೌನ ಮುರಿದವರು ಅವರೇ. ಕೆಲವು ವಾರಗಳಾಗಿರಬೇಕು, ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಕಸ ಗುಡಿಸಲು ಮೇಲೆ ಹೋದವರು ಅಲ್ಲಿಂದಲೇ ಕೂಗಿದರು.

"ಏ, ಬಾ ಇಲ್ಲಿ! ನನ್ನ ಬಿಸಿಲಿಗೂ ಸತ್ತಿಲ್ಲ ನೋಡು ಈ ಹಲ್ಕಟ್ಟು!"

ಎರಡೆರಡು ಮೆಟ್ಟಿಲು ಹತ್ತಿ ಓಡಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ತಮ್ಮ ಬಿಸಿಲಿಗೆ ಆದ ಅವಮಾನ ತಾಳಲಾರದೆ ನಿಂತಿದ್ದರು. ಒಂದು ಬಾಟಲಿಯ ಬಾಯಿಗೆ ಕಟ್ಟಿದ ಅರಿವೆಯ ಮೇಲೆ ಒಳಗಿನಿಂದ ಕಂದು ಚುಕ್ಕೆಗಳು ಹರಿದಾಡುತ್ತಿದ್ದವು. ಪಕ್ಕದ ಬಾಟಲಿಯಲ್ಲೂ ಇದ್ದವು. ಅದರ ಪಕ್ಕದ್ದರಲ್ಲಿ ಇರಲಿಲ್ಲ. ಎಲ್ಲ ಬಾಟಲಿಗಳನ್ನು ನೆಲದ ಮೇಲೆ ಇಳಿಸಿ, ಚೀಟಿ ನೋಡಿ ನೋಡಿ ಎರಡು ಸಾಲು ಮಾಡಿದೆ. ಆಯ್ಕೆಯ ಮನೆತನದ ಸಾಲಿನಲ್ಲಿ ಹೆಚ್ಚುಕಡಿಮೆ ಪ್ರತಿ ಬಾಟಲಿಯೂ ಜೀವದಿಂದ ಗಿಜಿಗುಡುತ್ತಿತ್ತು. ಕೈಗೆ ಸಿಕ್ಕವರ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹುಳ ಬಿಟ್ಟರೆ ಉಳಿದದ್ದು ಬರೀ ಸತ್ತ ಕಾಳು.

ತಣ್ಣಗಿನ ಬಾಟಲಿಯಲ್ಲಿ, ಹೊಟ್ಟೆ ತುಂಬ ಕಾಳು ಇದ್ದಾಗ ಎಲ್ಲ ಮಕ್ಕಳೂ ಒಂದೇ. ನಾನು ಎರಡು ವರ್ಷ ಅವುಗಳನ್ನು ಮುದ್ದಿನಿಂದ ಸಾಕಿ ವ್ಯತ್ಯಾಸ ಕಾಣುತ್ತಿಲ್ಲ ಎಂದು ಅಳುತ್ತಿದ್ದೆ. ವ್ಯತ್ಯಾಸ ಇದ್ದದ್ದು ಕಷ್ಟ ತಾಳುವುದರಲ್ಲಿ. ಕಷ್ಟ ಕೊಡುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಅತ್ತೆ ಕೊಟ್ಟಿದ್ದರು.

ಅವರನ್ನು ತಬ್ಬಿಕೊಂಡೆ. ಮದುವೆಯಾದ ಮೇಲೆ ಮೊದಲ ಸಲ. ಅವರು ಗಾಬರಿಯಾಗಿ ಪೊರಕೆ ಬಿಟ್ಟರು.

"ಹುಚ್ಚ ಹಿಡೀತೇನ ನಿನಗ? ಹುಳ ಬದುಕಿದ್ರ ಯಾರರ ಕುಣಿದಾಡ್ತಾರೇನ?"

ಕುಣಿದದ್ದು ಆ ದಿನಕ್ಕೆ ಮಾತ್ರ. ಮರುದಿನ ಅನುಮಾನ ಕಾಡಿತು. ನೀರಿನ ಟಾಕಿಯ ನೆರಳು ಒಂದು ಸಾಲಿನ ಮೇಲೆ ಬಿದ್ದಿದ್ದರೆ? ಕೆಲವು ರಾಶಿ ದಪ್ಪ, ಕೆಲವು ತೆಳು ಆಗಿದ್ದರೆ? ಯಾವ ರಾಶಿ ಎಲ್ಲಿತ್ತು ಎಂದು ಅತ್ತೆಯನ್ನು ಕೇಳಿದೆ. ತಮಗೆ ಚೆನ್ನಾಗಿ ನೆನಪಿದೆ ಎಂದು ಆಣೆ ಮಾಡಿ ಹೇಳಿದರು, ಮರುಗಳಿಗೆ ಬೇರೆ ಹೇಳಿದರು. ಅವರ ನೆನಪನ್ನು ನಂಬಿ ಪ್ರಬಂಧ ಬರೆಯುವಂತಿರಲಿಲ್ಲ. ಇಡೀ ಪ್ರಯೋಗವನ್ನು ಮತ್ತೆ, ಸರಿಯಾಗಿ ಮಾಡಬೇಕಿತ್ತು.

ಅದಕ್ಕೆ ಎರಡೂ ಮನೆತನ ಬೇಕು. ಆಯ್ಕೆಯವುಗಳ ಚಿಂತೆ ಇರಲಿಲ್ಲ. ಸೋತ ಮನೆತನದ ಅಷ್ಟಿಷ್ಟು ಹುಳಗಳು ವಂಶವಿಲ್ಲದೆ ಹೋದರೆ ಹೋಲಿಸಲು ಯಾರೂ ಉಳಿಯುವುದಿಲ್ಲ. ಹಾಗಾಗಿ ಆ ಮಳೆಗಾಲವೆಲ್ಲ ನಾನು ದೇವರಗುಡ್ಡದ ಮೈಲಾರನಿಗೆ ಹರಕೆ ಹೊತ್ತದ್ದು ಆ ಬಡಪಾಯಿಗಳಿಗಾಗಿ. ದೇವರಿಗೂ ಗೊಂದಲವಾಗಿರಬೇಕು. ಅಂತೂ ಚೌತಿಯ ಹೊತ್ತಿಗೆ ಎರಡೂ ಕಡೆ ಬಾಟಲಿ ತುಂಬಿದವು.

ಇನ್ನೊಂದು ಗಂಟು ಬಿಡಿಸುವುದಿತ್ತು. ಗಟ್ಟಿತನ ಅಪ್ಪನಿಂದಲೇ ಬಂತು ಎಂದು ಹೇಗೆ ಹೇಳುವುದು? ಅದಕ್ಕೆ ಹಲಗೇರಿಯ ಒಬ್ಬ ವಿದ್ಯಾರ್ಥಿನಿಯ ಮನೆಯಿಂದ ಹುಳ ಬಿದ್ದ ಅಲಸಂದಿ ತರಿಸಿದೆ. ಕೊಡುವಾಗ ಅವಳ ತಾಯಿ ನಾಚಿಕೆಯಿಂದ ಸತ್ತೇ ಹೋಗಿದ್ದಳಂತೆ. ಆ ಊರಿನ ಹೆಣ್ಣುಗಳು ನನ್ನ ಯಾವ ಮನೆತನಕ್ಕೂ ಸೇರಿದವಲ್ಲ. ಅವುಗಳಲ್ಲಿ ಕೆಲವಕ್ಕೆ ಆಯ್ಕೆಯ ಮನೆತನದ ಗಂಡು, ಕೆಲವಕ್ಕೆ ಇನ್ನೊಂದರ ಗಂಡು. ತಾಯಂದಿರು ಒಂದೇ ಡಬ್ಬಿಯವರು, ಕಾಳು ಒಂದೇ, ಬೇರೆಯಾದದ್ದು ಅಪ್ಪ ಮಾತ್ರ.

ಬೇಸಿಗೆ ಬಂತು. ಮತ್ತೆ ಮಾಳಿಗೆ, ಮತ್ತೆ ಧೋತರದ ತುಂಡು. ಈ ಸಲ ರಾಶಿಗಳೆಲ್ಲ ತೂಕ ಮಾಡಿ ಹಾಕಿದವು, ನಡುವೆ ಉಷ್ಣಮಾಪಕ, ಜಾಗ ಆಗಾಗ ಅದಲು ಬದಲು. ಅರ್ಧ ಕಾಳು ನೆರಳಿನ ಕೋಣೆಯಲ್ಲಿ, ಹೋಲಿಕೆಗೆ. ಅತ್ತೆ ಛತ್ರಿ ಹಿಡಿದು ಕಾವಲಿಗೆ ಕೂತರು. ಗುಬ್ಬಿ ಬಂದರೆ ಓಡಿಸುವುದು ಅವರ ಕೆಲಸ, ಆದರೆ ನನಗೆ ಬುದ್ಧಿ ಹೇಳುವುದನ್ನೇ ಹೆಚ್ಚು ಮಾಡಿದರು. ಈ ಸಲವಂತೂ ಒಂದೂ ಉಳಿಯಂಗಿಲ್ಲ ಎಂದು ಅವರ ಪಣ.

ಉಳಿದವು. ನೆರಳಿನಲ್ಲಿಟ್ಟ ಕಾಳಿನಲ್ಲಿ ಎಲ್ಲ ಒಂದೇ. ಬಿಸಿಲು ತಿಂದ ಕಾಳಿನಲ್ಲಿ, ಹಲಗೇರಿಯ ತಾಯಂದಿರ ಮಕ್ಕಳಲ್ಲೂ, ಆಯ್ಕೆಯ ಮನೆತನದ ಅಪ್ಪನಿಗೆ ಹುಟ್ಟಿದವು ಬಾಗಿಲು ಕೊರೆದುಕೊಂಡು ಒಂದರ ಹಿಂದೆ ಒಂದು ಹೊರಗೆ ಬಂದವು. ಉಳಿದವುಗಳಲ್ಲಿ ಬಹಳಷ್ಟು ಕಾಳಿನೊಳಗೇ ಸುಮ್ಮನಾದವು. ತಲೆಮಾರುಗಟ್ಟಲೆ ಹೆಣ್ಣುಗಳು ಒದ್ದು ಒದ್ದು ಆರಿಸಿದ್ದು ವ್ಯರ್ಥವಾಗಿರಲಿಲ್ಲ. ಮಾರ್ಗದರ್ಶಕರು ಖುದ್ದು ಬ್ಯಾಡಗಿಗೆ ಬಂದು, ನಮ್ಮ ಮಾಳಿಗೆಯ ಮೇಲೆ ಟೋಪಿ ಹಾಕಿಕೊಂಡು ಬಾಟಲಿ ನೋಡಿದರು. ಇಳಿಯುವಾಗ ನನ್ನ ಕೈ ಕುಲುಕಿ, ಬರೆಯಲು ಶುರುಮಾಡಿ ಎಂದರು. ಆ ಸಂಜೆ ನಾನು ಯಾರ ಹಂಗೂ ಇಲ್ಲದೆ ಮನೆಯಲ್ಲಿ ಹಾಡು ಹೇಳಿಕೊಂಡು ತಿರುಗಾಡಿದೆ.

ಹುಳದ ಮಾತನ್ನು ಮನುಷ್ಯರಿಗೆ ಹೊಂದಿಸಬೇಡಿ ಎಂದು ತರಗತಿಯಲ್ಲಿ ಬೈಯುವವಳು ನಾನು, ಈಗಲೂ ಬೈಯುತ್ತೇನೆ. ಆದರೆ ನನ್ನ ಅತ್ತೆ ನನ್ನ ತರಗತಿಯಲ್ಲಿ ಕೂತವರಲ್ಲ.

ಮೌಖಿಕ ಪರೀಕ್ಷೆಯ ದಿನ ಗಂಡ ಮತ್ತು ಅತ್ತೆ ಇಬ್ಬರೂ ಬಂದಿದ್ದರು. ಅತ್ತೆ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಬಿಡಿಸಿ ಬಿಡಿಸಿ ಕೇಳಿದರು, ನಾನೂ ಬಿಡದೆ ಉತ್ತರ ಕೊಟ್ಟೆ. ಕೊನೆಗೆ ಅವರು ಕನ್ನಡಕ ತೆಗೆದು, ಶಾಖ ಕೊಡುವ ಯಂತ್ರಗಳಿರುವಾಗ ಮೊದಲು ಮನೆಯ ಬಿಸಿಲಿಗೇ ಇಡಬೇಕೆಂಬ ಯೋಚನೆ ಹೇಗೆ ಬಂತು ಎಂದರು. ನಾನು ಮುಂದಿನ ಸಾಲಿನ ಕಡೆ ಕೈ ತೋರಿಸಿ, ಯೋಚನೆ ನನ್ನದಲ್ಲ ಸರ್, ನಮ್ಮ ಅತ್ತೆಯವರದು ಎಂದೆ. ಸಭೆಯವರೆಲ್ಲ ತಿರುಗಿ ನೋಡಿದರು. ಯಾರೂ ಹೇಳದಿದ್ದರೂ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಹೌದ್ರಿ, ನಾನ ಹಾಕಿದ್ದು. ಸಾಯ್ಲಿ ಅಂತನ ಹಾಕಿದ್ದೆ, ಸುಳ್ಳ್ಯಾಕ ಹೇಳಲಿ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ನಗು ನಿಲ್ಲುವವರೆಗೆ ಕಾದು, ಪರೀಕ್ಷಕರ ಮುಖವನ್ನೇ ನೋಡುತ್ತ, ನಾನು ಸಾವಿರ ಸಲ ಕೇಳಿದ್ದ ಮಾತನ್ನು ನಾನು ಒಮ್ಮೆಯೂ ಕೇಳಿರದ ದನಿಯಲ್ಲಿ ಹೇಳಿದರು.

"ಈಕಿ ನಮ್ಮ ಮನಿಗೆ ಆರಿಸ್ಕೊಂಡು ಬಂದಾಕಿರೀ. ಈಕಿ ಸಾಕಿದ ಹುಳ ಹೆಂಗ ಸಾಯ್ತಾವ?"